ಮೈದಾನಕ್ಕೆ ಬಿಟ್ಟ ಒಂದು ನೀರು

ಸಿಂಧನೂರಿನ ಒಂದು ಕಾಲೇಜಿನ ಗೇಟಿನ ಎದುರು ನನ್ನ ಸೈಕಲ್ ಅಂಗಡಿ ಇತ್ತು. ಎಂಬತ್ತರ ದಶಕದ ನಡುವಿನಿಂದ ಮುಂದಿನ ದಶಕ ಮುಗಿಯುತ್ತ ಬರುವವರೆಗೆ ಆ ಕಾಲೇಜಿನ ಫುಟ್‌ಬಾಲಿಗೆ ಗಾಳಿ ಹಾಕಿದವನು ನಾನೇ. ಆಗಿನ ಚೆಂಡು ಈಗಿನದರಂತಲ್ಲ. ಮೇಲೆ ದಪ್ಪ ಚರ್ಮ, ಒಳಗೆ ರಬ್ಬರಿನ ಬ್ಲಾಡರ್, ಬಾಯಿಗೆ ಬೂಟಿಗಿದ್ದ ಹಾಗೆ ಲೇಸು. ಪಂಕ್ಚರ್ ಆದರೆ ಲೇಸು ಬಿಚ್ಚಿ, ಬ್ಲಾಡರ್ ಹೊರಗೆಳೆದು, ನೀರು ತುಂಬಿದ ತಗಡಿನ ಬುಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗ ಹುಡುಕಿ, ಸಲ್ಯೂಷನ್ ಹಚ್ಚಿ ರಬ್ಬರಿನ ತುಂಡು ಅಂಟಿಸಬೇಕು. ತಂಡದಲ್ಲಿ ನನಗಿದ್ದ ಸ್ಥಾನ ಇಷ್ಟೇ. ಆದರೆ ಮಾತಿಗೇನೂ ಕಡಿಮೆ ಇರಲಿಲ್ಲ. ತಂಡವನ್ನು ಹೇಗೆ ಆಡಿಸಬೇಕು ಎಂಬುದು ಆಡಿಸುವವರಿಗಿಂತ ನನಗೇ ಚೆನ್ನಾಗಿ ಗೊತ್ತು ಎಂದು ನಂಬಿಕೊಂಡು ನಾನು ಬಹಳ ವರ್ಷ ಕಳೆದೆ. ಈಗ ನೆನೆದರೆ ಸಿಟ್ಟೂ ಬರುವುದಿಲ್ಲ, ನಗುವೂ ಬರುವುದಿಲ್ಲ. ದಣಿವಾಗುತ್ತದೆ.

ಆಡಿಸುತ್ತಿದ್ದವರು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಊರಿಗೆಲ್ಲ ಅವರು ಪಿ.ಡಿ. ಸರ್. ಬಿಸಿಲಿಗೆ ಒಣಗಿದ ಮೈ, ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು. ಜವಳಗೇರಾ ಕಡೆಯ ಒಕ್ಕಲು ಮನೆತನ. ದಿನಾ ಬೆಳಿಗ್ಗೆ ತಮ್ಮ ಗದ್ದೆಯಲ್ಲಿ ಒಂದು ಸುತ್ತು ಹಾಕಿಯೇ ಬಸ್ಸು ಹತ್ತುತ್ತಿದ್ದರು. ಅವರ ಕ್ಯಾನ್ವಾಸ್ ಬೂಟಿನ ಅಂಚಿಗೆ ಸದಾ ಒಂದು ಗೆರೆ ಕೆಸರು ಇರುತ್ತಿತ್ತು. ಅವರು ಓದುವ ಕಾಲದಲ್ಲಿ ಆಡಿದ್ದು ಖೋಖೋ. ಫುಟ್‌ಬಾಲನ್ನು ಅವರ ತಲೆಗೆ ಕಟ್ಟಿದ್ದು ಆಡಳಿತ ಮಂಡಳಿಯವರು. ಗೊತ್ತಿಲ್ಲದ ಆಟವನ್ನು ಕಲಿಸಬೇಕಾಗಿ ಬಂದಾಗ ಅವರು ತಮಗೆ ಗೊತ್ತಿದ್ದ ಕೆಲಸವನ್ನೇ ಮುಂದಿಟ್ಟುಕೊಂಡರು. ಆ ಕೆಲಸ ಗದ್ದೆಗೆ ನೀರು ಕಟ್ಟುವುದು.

ತಮಾಷೆಗೆ ಹೇಳುತ್ತಿಲ್ಲ. ಸಂಜೆ ನಾಲ್ಕೂವರೆಗೆ ಹುಡುಗರನ್ನು ಮೈದಾನದ ನಡುವೆ ಕೂರಿಸಿಕೊಂಡು ಅವರು ಪಾಠ ಮಾಡುತ್ತಿದ್ದರೆ ನನ್ನ ಅಂಗಡಿಯವರೆಗೂ ಕೇಳಿಸುತ್ತಿತ್ತು.

"ನೋಡ್ರಲೇ, ಗೋಲ್ ಅಂದ್ರ ನೀರಿದ್ದಂಗ. ನಿಮ್ಮ ಗದ್ದಿಗೆ ನೀರು ಬಂತು ಅಂದ್ರ ಮೊದ್ಲು ಏನ್ ಮಾಡ್ತೀರಿ? ಗದ್ದಿ ಬಾಯಿ ಮುಚ್ತೀರಿ. ಮುಚ್ಚಲಿಲ್ಲಂದ್ರ ಬಂದ ನೀರೆಲ್ಲಾ ಕೆಳಗಿನಾಂವನ ಗದ್ದಿಗೆ ಹೋಗ್ತೈತಿ. ಒಂದ್ ಗೋಲ್ ಆತಂದ್ರ ಸಾಕು, ಎಲ್ಲಾರೂ ಹಿಂದಕ ಬರ್ರಿ. ಬದು ಆಗ್ರಿ, ಬದು."

ಬದು ಅಂದರೆ ಗದ್ದೆಯ ಸುತ್ತ ನೀರು ನಿಲ್ಲಿಸುವ ಮಣ್ಣಿನ ಒಡ್ಡು. ತುರ್ವಿಹಾಳ, ಜವಳಗೇರಾ ಕಡೆಯಿಂದ ಬರುತ್ತಿದ್ದ ಆ ಹುಡುಗರಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಒಂದು ಗೋಲು ಹೊಡೆದ ಕೂಡಲೇ ಪಿ.ಡಿ. ಸರ್ ಬಲಗೈ ಮೇಲೆತ್ತುತ್ತಿದ್ದರು. ಹತ್ತು ಮಂದಿ ಓಡಿಬಂದು ತಮ್ಮ ಗೋಲಿನ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಆಮೇಲೆ ಆಟ ಮುಗಿಯುವವರೆಗೆ ಚೆಂಡು ಬಂದರೆ ಒದೆಯುವುದು, ಮತ್ತೆ ಬಂದರೆ ಮತ್ತೆ ಒದೆಯುವುದು. ನೋಡಲು ಬಂದವರು ಆಕಳಿಸುತ್ತ ಶೇಂಗಾ ಸುಲಿಯುತ್ತಿದ್ದರು.

ಸಣ್ಣಪುಟ್ಟ ತಂಡಗಳ ಎದುರು ಇದು ನಡೆದುಹೋಗುತ್ತಿತ್ತು. ವಲಯದ ಪಂದ್ಯಗಳಲ್ಲಿ ಕೊನೆಗೆ ಎದುರಾಗುತ್ತಿದ್ದವರು ಮಾತ್ರ ಲಿಂಗಸುಗೂರಿನ ಹುಡುಗರು. ಅವರದು ಕಾಲುವೆ ಇಲ್ಲದ ನೆಲ. ಮೊರಂ ಮಣ್ಣಿನ ಗಟ್ಟಿ ಮೈದಾನದಲ್ಲಿ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಓಡುತ್ತಿದ್ದರು. ಅವರಿಗೆ ನಮ್ಮ ಬದು ಒಡೆಯುವುದು ಗೊತ್ತಿತ್ತು, ಅದಕ್ಕೆ ಅವಸರವೂ ಇರಲಿಲ್ಲ. ಪ್ರತಿ ವರ್ಷ ನಾವು ಮೊದಲು ಒಂದು ಗೋಲು ಹೊಡೆಯುವುದು, ಪಿ.ಡಿ. ಸರ್ ಕೈ ಎತ್ತುವುದು, ಕೊನೆಯ ಕಾಲು ಗಂಟೆಯಲ್ಲಿ ಅವರು ಎರಡು ಹೊಡೆದು ಮನೆಗೆ ಕಳಿಸುವುದು. ಊರಿಗೆ ಮರಳುವಾಗ ಬಸ್ಸು ಮಸ್ಕಿಯಲ್ಲಿ ನಿಲ್ಲುತ್ತಿತ್ತು. ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಹುಡುಗರು ಮಂಡಕ್ಕಿಯ ಮಂಡಾಳ ಒಗ್ಗರಣೆ, ಮಿರ್ಚಿ ಭಜಿ ತಿನ್ನುತ್ತಿದ್ದರು. ಗೆದ್ದು ಮಿರ್ಚಿ ತಿಂದರೆ ಹೇಗಿರುತ್ತದೆ ಅಂತ ನನಗೆ ಗೊತ್ತೇ ಆಗಲಿಲ್ಲ. ಅಂಗಡಿ ಮುಚ್ಚಿ ಅವರ ಜೊತೆ ಹೋಗಿರುತ್ತಿದ್ದ ನಾನು ಅವರ ಪಕ್ಕ ಕೂತು ಅದೇ ಮಿರ್ಚಿ ತಿಂದು, ಅದೇ ಬಸ್ಸು ಹತ್ತಿ ಬರುತ್ತಿದ್ದೆ. ಮುಂದಿನ ವರ್ಷ ಹೋಗಬಾರದು ಅಂದುಕೊಳ್ಳುತ್ತಿದ್ದೆ. ಮುಂದಿನ ವರ್ಷ ಹೋಗುತ್ತಿದ್ದೆ.

ಅಂಗಡಿಯ ಮುಂದೆ ಸೋಲಿನ ವಿಚಾರಣೆ ಒಂದು ತಿಂಗಳು ನಡೆಯುತ್ತಿತ್ತು. ಅದಕ್ಕೆ ತಪ್ಪದೆ ಬರುತ್ತಿದ್ದವನು ಅಕ್ಕಿ ಮಿಲ್ಲಿನ ಲಾರಿ ಡ್ರೈವರ್ ಒಬ್ಬ. ಅವನದು ಒಂದೇ ಸಿದ್ಧಾಂತ.

"ಅನ್ನ ತಿಂದ ಕಾಲು ಅವು, ಎಲ್ಲಿ ಓಡ್ತಾವ? ಅವರು ಜ್ವಾಳದ ರೊಟ್ಟಿ ತಿಂತಾರ. ಆಟದ ಹಿಂದಿನ ವಾರ ನಮ್ಮ ಹುಡುಗರಿಗೂ ರೊಟ್ಟಿ ತಿನ್ನಸ್ರಿ ಅಂತ ನಿಮ್ಮ ಪಿ.ಡಿ.ಗೆ ಹೇಳು."

ನಾನು ಹೋಗಿ ಹೇಳಿಯೂ ಹೇಳಿದೆ. ಪಿ.ಡಿ. ಸರ್ ಸೀಟಿಯ ದಾರ ಬೆರಳಿಗೆ ಸುತ್ತಿಕೊಳ್ಳುತ್ತ, "ಹಾಸ್ಟೆಲಿಗೆ ರೊಟ್ಟಿ ಬಡಿಯಾಕ ನೀ ಬರ್ತೀಯೇನು?" ಎಂದು ಕೇಳಿ ಹೊರಟುಹೋದರು. ಅವರು ಯಾವತ್ತೂ ಗದರಿದವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು, ಒಂದನ್ನೂ ಮಾಡುತ್ತಿರಲಿಲ್ಲ. ಇದು ನನ್ನನ್ನು ಇನ್ನಷ್ಟು ಉರಿಸುತ್ತಿತ್ತು.

ಅಷ್ಟರಲ್ಲಿ ನನ್ನ ತಮ್ಮ ಆ ಕಾಲೇಜಿಗೆ ಬಿ.ಎ. ಸೇರಿದ. ಅಲ್ಲಿಯವರೆಗೆ ಹವ್ಯಾಸವಾಗಿದ್ದ ನನ್ನ ಬೈಗುಳ ಮನೆಯ ವಿಷಯವಾಯಿತು.

ನಮ್ಮೂರು ಮಸ್ಕಿ ಕಡೆಗೆ, ಉಪಕಾಲುವೆ ಮುಗಿಯುವಲ್ಲಿ. ಸರ್ಕಾರದ ನಕಾಶೆಯಲ್ಲಿ ನಮ್ಮದೂ ನೀರಾವರಿ ಭೂಮಿಯೇ. ಆದರೆ ಮೇಲಿನ ಊರಿನವರು ಒಬ್ಬೊಬ್ಬರಾಗಿ ತಿರುಗಿಸಿಕೊಂಡ ಮೇಲೆ ನಮ್ಮವರೆಗೆ ಬರುತ್ತಿದ್ದದ್ದು ಕಾಲುವೆಯ ತಳದ ಹಸಿ ಮಣ್ಣಿನ ವಾಸನೆ. ಇಂಥ ಊರುಗಳಿಗೆ ನಮ್ಮ ಕಡೆ ಟೇಲ್ ಎಂಡ್ ಅನ್ನುತ್ತಾರೆ. ಅಕ್ಷರ ಬಾರದ ಮುದುಕಿಯರ ಬಾಯಲ್ಲೂ ಅದೇ ಪದ. ಒಣ ಕಾಲುವೆ ನನ್ನ ತಮ್ಮನಿಗೆ ಓಟದ ದಾರಿಯಾಗಿತ್ತು. ಸಾಲೆಗೆ ಹೋಗುವಾಗ ಒಂದು ಮೈಲಿ, ಬರುವಾಗ ಒಂದು ಮೈಲಿ ಅದರೊಳಗೇ ಓಡುತ್ತಿದ್ದ. ಅವನ ಕಾಲಿಗೆ ಗಟ್ಟಿ ನೆಲ ಬೇಕು. ಸಿಕ್ಕರೆ ಅವನನ್ನು ಹಿಡಿಯುವವರಿರಲಿಲ್ಲ.

ಅವನಿಗೆ ವ್ಯಾಯಾಮ ಮಾಸ್ತರ ಆಗಬೇಕಿತ್ತು. ಬೇರೆ ಏನನ್ನೂ ಅವನು ಆಸೆಪಟ್ಟಿದ್ದು ನನಗೆ ನೆನಪಿಲ್ಲ. ಅದರ ಕೋರ್ಸಿಗೆ ಸೀಟು ಸಿಗಬೇಕಾದರೆ ಬರೀ ಅಂಕ ಸಾಲದು, ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಸರ್ಟಿಫಿಕೇಟು ಇದ್ದರೆ ಕೆಲಸ ಹಗುರ ಎಂದು ಯಾರೋ ಅವನಿಗೆ ಹೇಳಿದ್ದರು. ಆ ತಂಡಕ್ಕೆ ಹುಡುಗರನ್ನು ಆರಿಸುವವರೊಬ್ಬರು ವಲಯದ ಕೊನೆಯ ಪಂದ್ಯ ನೋಡಲು ಬರುತ್ತಿದ್ದರು. ಮೂರು ವರ್ಷ, ಮೂರು ಪಂದ್ಯ. ಅಷ್ಟರಲ್ಲಿ ಅವರ ಕಣ್ಣಿಗೆ ಬೀಳಬೇಕು. ಅವ್ವ ಊರಿನಿಂದ ಬಂದಾಗೆಲ್ಲ ರೊಟ್ಟಿ ಬುತ್ತಿ ಇಳಿಸುವ ಮೊದಲೇ ಕೇಳುತ್ತಿದ್ದಳು, "ಅವ್ರು ಬಂದಿದ್ರೇನೋ? ಇವನ್ನ ನೋಡಿದ್ರೇನು?"

ಹೇಗೆ ನೋಡುತ್ತಾರೆ? ಪಿ.ಡಿ. ಸರ್ ನನ್ನ ತಮ್ಮನನ್ನು ರೈಟ್ ಔಟ್ ಮಾಡಿದ್ದರು. ಅಂದರೆ ಬಲಗಡೆಯ ಗೆರೆಯ ಪಕ್ಕ, ಎಲ್ಲರಿಗಿಂತ ಮುಂದೆ, ಒಬ್ಬನೇ. ಉಳಿದವರೆಲ್ಲ ಬದುವಾಗಿ ಹಿಂದೆ ನಿಂತರೆ ಆ ತುದಿಗೆ ಚೆಂಡು ಯಾರು ಕೊಡಬೇಕು? ಸರ್ ಕೈ ಎತ್ತಿದ ಕೂಡಲೇ ಅವನೂ ಹಿಂದಕ್ಕೆ ಓಡಿಬರಬೇಕು, ಬಂದು ಗೋಡೆಗೆ ಒಂದು ಇಟ್ಟಿಗೆಯಾಗಬೇಕು. ಮೊದಲ ವರ್ಷದ ಪಂದ್ಯದಲ್ಲಿ ಅವನ ಕಾಲಿಗೆ ಚೆಂಡು ಸಿಕ್ಕಿದ್ದು ನಾಲ್ಕು ಸಲ, ಎರಡನೆಯ ವರ್ಷ ಮೂರು ಸಲ. ಊರಿನಲ್ಲಿ ನೀರಿಗೆ ಕಾದ ಹಾಗೆ ಇಲ್ಲಿ ಚೆಂಡಿಗೆ ಕಾಯುತ್ತ ನಿಂತ. ಆರಿಸಲು ಬಂದವರು ಎರಡೂ ಸಲ ಲಿಂಗಸುಗೂರಿನ ಹುಡುಗರ ಹೆಸರು ಬರೆದುಕೊಂಡು ಹೋದರು.

ಎರಡನೆಯ ಸೋಲಿನ ಮರುದಿನ ಪಿ.ಡಿ. ಸರ್ ಬ್ಲಾಡರ್ ತೇಪೆಗೆ ಬಂದಾಗ ನಾನು ತಡೆಯಲಿಲ್ಲ.

"ಸರ್, ನೀವು ಹಿಂಗ ಆಡಿಸಿದ್ರ ನನ್ನ ತಮ್ಮ ಕೆಡ್ತಾನ್ರಿ. ಓಡೋ ಹುಡುಗನ್ನ ಗ್ವಾಡಿ ಮಾಡೀರಿ."

"ಓಡಿ ಏನ್ ಮಾಡ್ತಾನ? ಹಿಂದ ಯಾರು ಕಾಯೋರು?"

"ಕಾದು ಕಾದು ಎಷ್ಟ್ ಸಲ ಗೆದ್ದೀವ್ರಿ?"

ಅವರು ಬುಟ್ಟಿಯ ನೀರಿನಲ್ಲಿ ಏಳುತ್ತಿದ್ದ ಗುಳ್ಳೆಯನ್ನು ಬೆರಳಿನಿಂದ ತೋರಿಸಿ, "ಇಲ್ಲೈತಿ ನೋಡು ತೂತು" ಎಂದರು.

ತಮ್ಮನ ಕೊನೆಯ ವರ್ಷ ಪಂದ್ಯ ನಡೆಸುವ ಪಾಳಿ ನಮ್ಮ ಕಾಲೇಜಿಗೆ ಬಂತು. ಸಂಕ್ರಾಂತಿ ಮುಗಿದಿತ್ತು. ಎರಡನೆಯ ಬೆಳೆಗೆ ಕಾಲುವೆಯಲ್ಲಿ ನೀರು ಬಿಟ್ಟಿದ್ದರು. ಊರಿನ ಸುತ್ತ ನಾಟಿ ನಡೆದಿತ್ತು. ಕಾಲೇಜಿನ ಮೈದಾನ ಮಾತ್ರ ಒಣಗಿ, ಎರೆಮಣ್ಣು ಬಿರುಕು ಬಿಟ್ಟು, ಲಿಂಗಸುಗೂರಿನವರಿಗೆ ಹೇಳಿ ಮಾಡಿಸಿದ ಹಾಗೆ ಗಟ್ಟಿಯಾಗಿತ್ತು. ಮೈದಾನದ ಹಿಂದಿನ ಗೋಡೆಗೆ ಹತ್ತಿಕೊಂಡು ಒಂದು ಹೊಲಗಾಲುವೆ ಹರಿಯುತ್ತಿತ್ತು. ಪಂದ್ಯಕ್ಕೆ ಮೂರು ದಿನ ಇದೆ ಅನ್ನುವಾಗ ಪಂಪಿನ ಹಿಡಿಕೆಗೆ ಎಣ್ಣೆ ಬಿಡುತ್ತ ಅದನ್ನೇ ನೋಡುತ್ತಿದ್ದವನಿಗೆ ಒಂದು ಯೋಚನೆ ಹೊಳೆಯಿತು. ಅದು ಹೊಳೆಯದೇ ಹೋಗಿದ್ದರೆ ಎಂದು ನಾನು ಈಗಲೂ ಆಗಾಗ ಅಂದುಕೊಳ್ಳುತ್ತೇನೆ.

ಪಿ.ಡಿ. ಸರ್ ಗೇಟು ದಾಟುವಾಗ ಕರೆದೆ.

"ಸರ್, ಮೈದಾನಕ್ಕ ಒಂದ್ ನೀರು ಬಿಡ್ರಿ."

ನಮ್ಮಲ್ಲಿ ಬೆಳೆಗೆ ನೀರನ್ನು ಹಾಗೆಯೇ ಎಣಿಸುವುದು. ಒಂದು ನೀರು, ಎರಡು ನೀರು. ಅವರು ನಿಂತರು.

"ಯಾಕ?"

"ನಮ್ಮ ಹುಡುಗರು ಗದ್ದಿಯಾಗ ಹುಟ್ಯಾರ್ರಿ. ರಾಡಿಯಾಗ ಓಡ್ತಾರ. ಆ ಲಿಂಗಸುಗೂರು ಹುಡುಗರು ರಾಡಿ ಕಂಡಾರೇನು? ಬೀಳ್ತಾರ. ಹಿಂದಿನ ದಿನ ಸಂಜಿಕ ಒಂದ್ ತಾಸು ನೀರು ಬಿಟ್ಟು ಬಾಯಿ ಮುಚ್ಚಿದ್ರ ಮುಂಜಾನಿ ಅನ್ನೂದ್ರೊಳಗ ಮ್ಯಾಲ ಆರಿರ್ತೈತಿ. ಒಳಗ ಹಸಿ ಇರ್ತೈತಿ. ಯಾರಿಗೂ ಗೊತ್ತಾಗಂಗಿಲ್ಲ."

ಅಷ್ಟು ವರ್ಷಗಳಲ್ಲಿ ಮೊದಲ ಸಲ ನಾನು ಅವರ ಭಾಷೆಯಲ್ಲಿ ಮಾತಾಡಿದ್ದೆ. ಅವರು ಮೈದಾನದ ಕಡೆ ನೋಡಿದರು. ಇಳುಕಲು ಯಾವ ಕಡೆಗಿದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ಅಳೆಯುತ್ತಿದ್ದದ್ದು ಅವರ ಕಣ್ಣಿನಲ್ಲೇ ಕಾಣುತ್ತಿತ್ತು. ಆಮೇಲೆ ನನ್ನನ್ನು ಕೇಳಿದರು.

"ನಿಮ್ಮೂರಿಗೆ ನೀರು ಬರ್ತೈತೇನು?"

"ಎಲ್ಲಿ ಬರ್ತೈತ್ರಿ ಸರ್. ನಮ್ದು ಟೇಲ್ ಎಂಡು."

"ಹಂಗಾರ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಅವರು ಏಕೆ ಕೇಳಿದರು ಎಂದು ನಾನು ಯೋಚಿಸಲಿಲ್ಲ. ಒಕ್ಕಲು ಮಂದಿಯ ಮಾಮೂಲು ವಿಚಾರಣೆ ಅಂದುಕೊಂಡೆ. ಸೋತು ಸೋತು ಅವರಿಗೂ ಸಾಕಾಗಿತ್ತೋ, ನನ್ನ ಮಾತು ಕೇಳಿ ಕೇಳಿ ಸಾಕಾಗಿತ್ತೋ, "ನೀನೇ ಬಿಡು. ನನ್ನ ಕೇಳಿದ್ರ ಹೂಂ ಅಂತೀನಿ" ಎಂದು ಹೊರಟರು.

ಹಿಂದಿನ ದಿನ ಸಂಜೆ ಹುಡುಗರು ಹಾಸ್ಟೆಲಿಗೆ ಹೋದ ಮೇಲೆ ಪಕ್ಕದ ಮನೆಯವರ ಸಲಿಕೆ ತಂದು ಗೋಡೆಯ ಬುಡದ ಕಿಂಡಿಯ ಎದುರು ನಾನೇ ಕಾಲುವೆಯ ಬಾಯಿ ಬಿಚ್ಚಿದೆ. ನೀರು ಬಿರುಕುಗಳೊಳಗೆ ಇಳಿಯುವ ಸದ್ದು ಕೇಳುತ್ತ ನಿಂತೆ. ಖುಷಿಯಾಗಿತ್ತು ಎಂದು ಹೇಳಲೇಬೇಕು. ಕೊನೆಗೂ ತಂಡಕ್ಕೆ ನನ್ನಿಂದ ಒಂದು ಕೆಲಸ ಆಗುತ್ತಿದೆ ಅನಿಸಿತ್ತು. ನೀರು ಬಲಗಡೆಯ ಮೂಲೆಗೆ ಹರಿದು ಅಲ್ಲಿ ಕೊಂಚ ಹೆಚ್ಚು ನಿಂತಿತು. ಬಾಯಿ ಮುಚ್ಚಿ, ಬಂದು, ಅಂಗಡಿಯ ಬುಟ್ಟಿಯ ನೀರಿನಲ್ಲಿ ಸಲಿಕೆ ತೊಳೆದೆ.

ಮರುದಿನ ಎಲ್ಲ ನಾನು ಹೇಳಿದ ಹಾಗೆಯೇ ಆಯಿತು. ಮೇಲೆ ಕಂದು ಬಣ್ಣದ ತೆಳು ಹಕ್ಕಳೆ, ಒಳಗೆ ಜಿಗುಟು ಹಸಿ. ಹತ್ತು ನಿಮಿಷದಲ್ಲಿ ಲಿಂಗಸುಗೂರಿನ ಹುಡುಗರು ಒಬ್ಬರ ಮೇಲೊಬ್ಬರು ಬೀಳತೊಡಗಿದರು. ಅವರ ಬೂಟಿಗೆ ಮಣ್ಣು ಮೆತ್ತಿ ಮೆತ್ತಿ ಒಂದೊಂದು ಕಾಲೂ ಸೇರು ಭಾರವಾಯಿತು. ನಮ್ಮವರು ಬೂಟು ಬಿಚ್ಚಿ ಗೆರೆಯಾಚೆ ಎಸೆದು ಬರಿಗಾಲಲ್ಲಿ ಓಡಿದರು. ಅರ್ಧ ಆಟ ಮುಗಿಯುವ ಕೊನೆಯ ಗಳಿಗೆಯಲ್ಲಿ ತುರ್ವಿಹಾಳದ ಹುಡುಗ ಒಂದು ಗೋಲು ಹೊಡೆದ. ಲಾರಿ ಡ್ರೈವರ್ ಟವೆಲು ಮೇಲಕ್ಕೆ ಎಸೆದ. ಗೆರೆಯ ಪಕ್ಕದ ಕುರ್ಚಿಯಲ್ಲಿ ತಂಡಕ್ಕೆ ಆರಿಸುವವರು ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದರು.

ಎರಡನೆಯ ಅರ್ಧ ಶುರುವಾದ ಕೂಡಲೇ ಪಿ.ಡಿ. ಸರ್ ಬಲಗೈ ಎತ್ತಿದರು. ಹುಡುಗರು ಹಿಂದಕ್ಕೆ ಓಡತೊಡಗಿದರು. ನನ್ನ ತಮ್ಮನೂ ತಿರುಗಿದ. ಇಷ್ಟು ಮಾಡಿಯೂ ಮತ್ತದೇ ಬದು! ನನಗೆ ತಲೆ ಕೆಟ್ಟಿತು. ಗೆರೆ ದಾಟಿ ಒಳಗೆ ನುಗ್ಗಿ ಕೂಗಿದೆ.

"ಸರ್, ಕೈ ಇಳಸ್ರಿ! ಇವತ್ತರ ಕೈ ಇಳಸ್ರಿ!"

ನೋಡುತ್ತಿದ್ದ ಮಂದಿಯೂ ಕೂಗಿದರು. ಪಿ.ಡಿ. ಸರ್ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ದಣಿದವರು ಹೊರೆ ಇಳಿಸುವ ಹಾಗೆ ಅವರು ಕೈ ಇಳಿಸಿದರು. ಆಮೇಲೆ ಬಾಯಿಗೆ ಎರಡೂ ಕೈ ಹಿಡಿದು ನಾನು ಎರಡು ವರ್ಷ ಕಾದಿದ್ದ ಮಾತು ಕೂಗಿದರು.

"ಬಲಕ್ಕ ಕೊಡ್ರಲೇ! ಟೇಲ್ ಎಂಡಿಗೆ ಕೊಡ್ರಿ ಚೆಂಡು!"

ಕೊಟ್ಟರು. ಚೆಂಡು ನೀರು ಕುಡಿದು ಭಾರವಾಗಿತ್ತು. ಆದರೂ ಬಂತು. ನನ್ನ ತಮ್ಮ ಅದನ್ನು ಕಾಲಿಗೆ ಹಚ್ಚಿಕೊಂಡು ಗೆರೆಯ ಪಕ್ಕದಲ್ಲೇ ಓಡಿದ. ಒಣ ಕಾಲುವೆಯಲ್ಲಿ ಓಡುತ್ತಿದ್ದನಲ್ಲ, ಹಾಗೇ, ತಲೆ ಕೊಂಚ ಎಡಕ್ಕೆ ವಾಲಿಸಿಕೊಂಡು. ಅವರ ಬ್ಯಾಕ್ ಒಬ್ಬ ಜಾರಿಬಿದ್ದ. ಕುರ್ಚಿಯಲ್ಲಿದ್ದವರು ಎದ್ದು ನಿಂತರು. ನಾನು ಅವರನ್ನೂ ನೋಡುತ್ತಿದ್ದೆ, ಇವನನ್ನೂ ನೋಡುತ್ತಿದ್ದೆ. ಮೂಲೆಯ ಹತ್ತಿರ, ಹಿಂದಿನ ಸಂಜೆ ನೀರು ಹೆಚ್ಚು ನಿಂತಿದ್ದ ಕಡೆ, ಅವನು ಒಳಕ್ಕೆ ತಿರುಗಲು ಬಲಗಾಲು ಊರಿದ. ಪಾದ ಮುಳುಗಿ ಕಾಲು ಹರಡಿನವರೆಗೆ ಕೆಸರಿಗೆ ಇಳಿಯಿತು. ಗದ್ದೆಯ ಹುಡುಗನಾಗಿದ್ದರೆ ಹಗುರಾಗಿ ಕಿತ್ತುಕೊಳ್ಳುತ್ತಿದ್ದ. ಕೆಸರಿನಲ್ಲಿ ಕಾಲನ್ನು ಊರಬಾರದು, ಎತ್ತುತ್ತ ಇರಬೇಕು ಎಂದು ಅಂಥವರಿಗೆ ಯಾರೂ ಕಲಿಸಬೇಕಿಲ್ಲ. ಇವನಿಗೆ ಗೊತ್ತಿದ್ದದ್ದು ಗಟ್ಟಿ ನೆಲ. ಮೈ ತಿರುಗಿತು, ಕಾಲು ತಿರುಗಲಿಲ್ಲ. ಒಂದು ಸದ್ದಾಯಿತು. ನಾನಿದ್ದಲ್ಲಿಗೆ ಕೇಳಿಸಿತು.

ಪಿ.ಡಿ. ಸರ್ ನಮ್ಮೂರಿನ ನೀರಿನ ವಿಷಯ ಏಕೆ ಕೇಳಿದ್ದರು ಎಂದು ನನಗೆ ತಿಳಿದದ್ದು ಆಗ. ತಂಡದಲ್ಲಿ ಕೆಸರು ಗೊತ್ತಿಲ್ಲದ ಹುಡುಗ ಒಬ್ಬನೇ ಇದ್ದ. ಅವನನ್ನು ಬೆಳೆಸಿದ ನನಗೇ ಅದು ಮರೆತುಹೋಗಿತ್ತು.

ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹುಲ್ಲು ಹಾಸಿ ಅವನನ್ನು ಮಲಗಿಸಿ ಆಸ್ಪತ್ರೆಗೆ ಒಯ್ದೆವು, ಅಲ್ಲಿಂದ ರಾಯಚೂರಿಗೆ. ಮೊಣಕಾಲಿನ ಒಳಗೆ ಹರಿದದ್ದು ಹರಿದಂತೆಯೇ ಉಳಿಯುತ್ತದೆ, ನಡೆಯಬಹುದು, ಓಡುವುದು ಬೇಡ ಎಂದರು ಅಲ್ಲಿನ ಡಾಕ್ಟರರು. ಆ ಪಂದ್ಯ ನಾವು ಗೆದ್ದೆವು. ಅಷ್ಟು ವರ್ಷ ಬೇಡಿಕೊಂಡ ಗೆಲುವು ಬಂದ ಸುದ್ದಿಯನ್ನು ಲಾರಿ ಡ್ರೈವರ್ ಆಸ್ಪತ್ರೆಯ ವರಾಂಡದಲ್ಲಿ ನನ್ನ ಕಿವಿಯಲ್ಲಿ ಹೇಳಿದ. ಆರಿಸುವವರು ತಮ್ಮನ ಹೆಸರು ಬರೆಯಲು ಪೆನ್ನು ತೆಗೆದಿದ್ದರು, ಬಿದ್ದದ್ದು ನೋಡಿ ಮತ್ತೆ ಜೇಬಿಗಿಟ್ಟರು ಎಂದೂ ಹೇಳಿದ. ಸಮಾಧಾನಕ್ಕೆ ಹೇಳಿದನೋ, ನಿಜವೋ, ನಾನು ಕೇಳಲು ಹೋಗಲಿಲ್ಲ.

ಲಿಂಗಸುಗೂರಿನವರು ತಕರಾರು ಮಾಡಿದರು. ಮಳೆ ಇಲ್ಲದ ದಿನಗಳಲ್ಲಿ ಮೈದಾನ ಹೇಗೆ ಹಸಿಯಾಯಿತು ಎಂದು ಪ್ರಿನ್ಸಿಪಾಲರು ಪಿ.ಡಿ. ಸರ್ ಅವರನ್ನು ಕರೆಸಿ ಕೇಳಿದರು. ಧೂಳು ಕೂರಲಿ ಎಂದು ನೀರು ಬಿಡಿಸಿದ್ದು ತಾವೇ, ಬೇರೆ ಯಾರೂ ಅಲ್ಲ ಎಂದು ಅವರು ಬರೆದುಕೊಟ್ಟರು. ಸಂಜೆಯೊಳಗೆ ಅದು ಊರೆಲ್ಲ ಹಬ್ಬಿತು. ನನ್ನ ಅಂಗಡಿಯ ಮುಂದೆಯೇ ಮಂದಿ ಕೂಡಿದರು.

"ಆ ಪಿ.ಡಿ. ಹುಡುಗನ ಕಾಲು ತಿಂದ ನೋಡು. ಆಟ ಬರಂಗಿಲ್ಲ, ಗೀಟ ಬರಂಗಿಲ್ಲ, ನೀರು ಕಟ್ಟಾಕ ಬಂದಾನ ಮೈದಾನಕ್ಕ."

ನಾನು ರಿಮ್ಮಿನ ಮೇಲೆ ಬಗ್ಗಿ ಕೆಲಸ ಮಾಡುತ್ತಿದ್ದೆ. ತಲೆ ಆಡಿಸಿದೆ. ಆಡಿಸಲೇಬೇಕಾಗಿರಲಿಲ್ಲ. ಸುಮ್ಮನಿದ್ದರೂ ಸಾಕಿತ್ತು. ಆದರೂ ಆಡಿಸಿದೆ, ಅದು ನನಗೆ ಚೆನ್ನಾಗಿ ನೆನಪಿದೆ.

ಪಿ.ಡಿ. ಸರ್ ರಾಯಚೂರಿನ ಆಸ್ಪತ್ರೆಗೆ ಮೋಸಂಬಿ ಹಿಡಿದುಕೊಂಡು ಬಂದಾಗ ನನ್ನ ತಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಅವ್ವ ಅವನ ಹೊದಿಕೆ ಸರಿಮಾಡಿದಳು. ಅವರು ಹತ್ತು ನಿಮಿಷ ನಿಂತಿದ್ದು, ಹಣ್ಣಿನ ಚೀಲವನ್ನು ಕಿಟಕಿಯ ಮೇಲಿಟ್ಟು, ನನ್ನ ಕಡೆ ನೋಡದೆ ಹೋದರು. ಅವರು ಮೆಟ್ಟಿಲು ಇಳಿಯುವ ಮೊದಲು ಓಡಿಹೋಗಿ ಕೈ ಹಿಡಿಯಬೇಕು ಅನಿಸಿತು. ಅವ್ವ ನೀರು ತಾ ಎಂದಳು, ನೀರು ತರಲು ಹೋದೆ.

ಆಮೇಲೆ ತಮ್ಮ ನನ್ನ ಅಂಗಡಿಯಲ್ಲೇ ಕೂತ. ಸೊಟ್ಟ ಗಾಲಿಯ ಬೆಂಡು ತೆಗೆಯುವುದು ಕೂತು ಮಾಡುವ ಕೆಲಸ. ಅದರಲ್ಲಿ ಅವನ ಕೈ ನನಗಿಂತ ಚೆನ್ನಾಗಿ ಪಳಗಿತು. ಸಾಯಂಕಾಲ ಮೈದಾನದಿಂದ ಪಿ.ಡಿ. ಸರ್ ಸೀಟಿ ಕೇಳಿದರೆ ಮಾತ್ರ ಅವನ ಬಾಯಿ ಬಿಚ್ಚುತ್ತಿತ್ತು. ಅವರ ನಡಿಗೆ, ಅವರ ಬೂಟು, ಅವರ ಬದು, ಒಂದನ್ನೂ ಬಿಡದೆ ಬೈಯುತ್ತಿದ್ದ. ಚೆಂಡು ಹಿಡಿದುಕೊಂಡು ಅವರು ಅಂಗಡಿಗೆ ಬಂದರೆ ಕುಂಟುತ್ತ ಎದ್ದು ಒಳಗೆ ಹೋಗುತ್ತಿದ್ದ. ನಾನು ಗಾಳಿ ಹಾಕುತ್ತಿದ್ದೆ. ಅವರು ಹೆಬ್ಬೆಟ್ಟಿನಿಂದ ಒತ್ತಿ ನೋಡಿ ಹೋಗುತ್ತಿದ್ದರು. ಆಟ ಮತ್ತೆ ಹಳೆಯ ದಾರಿಗೆ ಬಿದ್ದಿತ್ತು. ಒಂದು ಗೋಲು, ಬಲಗೈ, ಬದು, ಸೋಲು. ಹೀಗೆ ಮಾಡ್ರಿ, ಹಾಗೆ ಮಾಡ್ರಿ ಎಂದು ನಾನು ಮತ್ತೆ ಒಂದು ಸಲವೂ ಹೇಳಲಿಲ್ಲ. ಮಸ್ಕಿಯ ಬಸ್ಸನ್ನೂ ಹತ್ತಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅವರು ನಿವೃತ್ತರಾದರು. ಕೊನೆಯ ದಿನ ಅಂಗಡಿಗೆ ಬಂದಾಗ ಕೊರಳಲ್ಲಿ ಸೇವಂತಿಗೆ ಹಾರದ ಹಳದಿ ಪುಡಿ ಇನ್ನೂ ಇತ್ತು, ಸೀಟಿ ಇರಲಿಲ್ಲ. ಕೈಯಲ್ಲಿ ಚೆಂಡಿತ್ತು. ತಮ್ಮ ಎಂದಿನಂತೆ ಎದ್ದು ಒಳಗೆ ಹೋದ.

"ಹೊಸಬರು ನಾಳಿಗೆ ಬರ್ತಾರ. ಮೆತ್ತಗ ಆಗೈತಿ, ಗಾಳಿ ಹಾಕಿಡು" ಎಂದರು.

ಪಂಪು ಹಚ್ಚಿದೆ. ಕೈ ಮೇಲೆ ಕೆಳಗೆ ಆಡುತ್ತಿರುವಾಗ ಹೇಳುವುದು ಸುಲಭ ಅನಿಸಿತು.

"ಸರ್, ಅವತ್ತು ಆ ನೀರಿನ ಮಾತು..."

"ಬರಾಬರಿ ಐತಿ, ಸಾಕು. ಹೆಚ್ಚಾದ್ರ ಹೊಲಿಗಿ ಬಿಡ್ತೈತಿ" ಎಂದು ಅವರು ಚೆಂಡನ್ನು ಎತ್ತಿಕೊಂಡರು. ಆಮೇಲೆ ಕೊಂಚ ತಡೆದು, ಒಳಗಿನ ಕತ್ತಲಿನ ಕಡೆ ನೋಡಿ, "ನಾನೂ ಹೂಂ ಅಂದೀನಲ್ಲಪಾ" ಎಂದರು. ಚೆಂಡನ್ನು ಗೇಟಿನ ಜವಾನನಿಗೆ ಕೊಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾನು ಕೈ ಮುಗಿದದ್ದು ಅವರಿಗೆ ಕಾಣಿಸಿತೋ ಇಲ್ಲವೋ.

ತಮ್ಮ ಹೊರಗೆ ಬಂದು ತನ್ನ ಜಾಗದಲ್ಲಿ ಕೂತು ಗಾಲಿ ತಿರುಗಿಸತೊಡಗಿದ. ಇವತ್ತು ಬೈಯಲಿಲ್ಲ. ಅದನ್ನೇ ನನಗೆ ಸಹಿಸಲು ಆಗಲಿಲ್ಲ.

"ಅವತ್ತು ನೀರು ಬಿಡ್ರಿ ಅಂದಾಂವ ನಾನು. ಬಿಟ್ಟಾಂವನೂ ನಾನೇ" ಎಂದೆ.

ಅವನು ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ನೋಡುತ್ತಿದ್ದ. ತಲೆ ಎತ್ತಲಿಲ್ಲ.

"ಗೊತ್ತೈತಿ."

"ಸರ್ ಹೇಳಿದ್ರೇನು?"

"ಅವರ್ಯಾಕ ಹೇಳ್ತಾರ. ಅವತ್ತು ಸಂಜಿಕ ನಾ ಬಂದಾಗ ನೀ ಬುಟ್ಟಿಯಾಗ ಸಲಿಕಿ ತೊಳ್ಯಾಕತ್ತಿದ್ದಿ. ಸೈಕಲ್ ಅಂಗಡಿಯಾಂವಗ ಸಲಿಕಿ ಎದಕ್ಕ ಬೇಕು?"

ನಾನು ಬುಟ್ಟಿಯ ಕಡೆ ನೋಡಿದೆ.

"ಮತ್ತ ಇಷ್ಟ್ ವರ್ಷ ಅವರಿಗ್ಯಾಕ ಬೈದಿ?"

"ಇನ್ಯಾರಿಗೆ ಬೈಬೇಕಿತ್ತಣ್ಣ? ನಿನಗ ಬೈದಿದ್ರ ಸಂಜಿಕ ಎಲ್ಲಿ ಉಣ್ಣಬೇಕಿತ್ತು ನಾನು? ಅವ್ವನ ಮುಂದ ಹ್ಯಾಂಗ ಕುಂದ್ರಬೇಕಿತ್ತು? ಅವರಿದ್ರು, ಬೈದೆ." ಗಾಲಿಯನ್ನು ಒಂದು ಸುತ್ತು ಬಿಟ್ಟು, ಅದು ನಿಲ್ಲುವವರೆಗೆ ನೋಡಿದ. "ಇವತ್ತ ಅವರೂ ಹೋದ್ರು."

ಗಾಲಿಯಲ್ಲಿ ಬೆಂಡು ಉಳಿದಿರಲಿಲ್ಲ. ಆದರೂ ಅವನು ಅದನ್ನು ಮತ್ತೊಮ್ಮೆ ತಿರುಗಿಸಿದ. ನಾನು ಅವನ ಎದುರಿಗೆ ನೆಲದ ಮೇಲೆ ಕೂತೆ.